ಮಂದೆ ಕೂತ ಹೊಲ

ನಿಮ್ಮ ಊರಿನ ಗೊಬ್ಬರದ ಅಂಗಡಿಯವರು ಎಂದಾದರೂ ನಿಮಗೆ, "ಈ ಚೀಲ ನಿಮ್ಮ ಹೊಲಕ್ಕೆ ಬೇಡ, ಮನೆಗೆ ಹೋಗಿ" ಎಂದು ಹೇಳಿದ್ದುಂಟೇ?

ಹೇಳಿದ್ದರೆ ನೀವು ಪುಣ್ಯವಂತರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ನಾನು ಅಲೆದ ಅಷ್ಟೂ ವರ್ಷಗಳಲ್ಲಿ ಹಾಗೆ ಹೇಳುವ ಒಬ್ಬರೇ ಒಬ್ಬ ವ್ಯಾಪಾರಿಯನ್ನು ಕಂಡೆ. ಅವರ ಅಂಗಡಿಯನ್ನು ಮುಚ್ಚಿಸಿದವನೂ ನಾನೇ. ಯಾವ ದುರುದ್ದೇಶವೂ ಇಲ್ಲದೆ, ನ್ಯಾಯದ ಹೆಸರಿನಲ್ಲಿಯೇ ಮುಚ್ಚಿಸಿದೆ. ಅದನ್ನು ಬರೆದಿಡಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಕೃಷಿ ಕಾಲೇಜಿನಿಂದ ಹೊರಬಂದು ಚಿತ್ರದುರ್ಗದ ಕಚೇರಿಯೊಂದಕ್ಕೆ ಕೆಲಸಕ್ಕೆ ಸೇರಿದ್ದೆ. ಕಾಲೇಜಿನಲ್ಲಿ ನಾನು ಬೆಳೆಗಿಂತ ಹೆಚ್ಚಾಗಿ ಬೆಳೆಸಿದ್ದು ಮಾತನ್ನು. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬಟ್ಟಲೊಂದು ನನ್ನ ಟ್ರಂಕಿನಲ್ಲಿ ಬಂದಿತ್ತು. ಅದನ್ನು ಬಾಡಿಗೆ ಕೋಣೆಯ ಕಿಟಕಿಯ ಮೇಲೆ ಇಟ್ಟುಕೊಂಡಿದ್ದೆ. ಎದುರಾಳಿಯ ವಾದದಲ್ಲಿ ಎಲ್ಲಿ ಬಿರುಕಿದೆಯೆಂದು ಕೇಳುತ್ತ ಕೇಳುತ್ತಲೇ ಹುಡುಕುವುದು, ಸಭೆ ನಗುವಂತೆ ಒಂದು ಮಾತು ಹೇಳಿ ಆ ಬಿರುಕಿಗೆ ಬೆಣೆ ಹೊಡೆಯುವುದು: ಇದು ನನಗೆ ಕೈಬಂದ ವಿದ್ಯೆ. ಈ ವಿದ್ಯೆಯಿಂದ ಲೋಕವನ್ನು ತಿದ್ದಬಹುದೆಂದು ಆಗ ನಿಜವಾಗಿ ನಂಬಿದ್ದೆ.

ತಿದ್ದಬೇಕಾದದ್ದೂ ಕಣ್ಣೆದುರೇ ಇತ್ತು. ಸೀಮೆಗೊಬ್ಬರಕ್ಕೆ ಅಭಾವದ ಕಾಲ ಅದು. ಯೂರಿಯಾ ಬಂದಿದೆಯೆಂಬ ಸುದ್ದಿ ಹಬ್ಬಿದರೆ ಬೆಳಗಾಗುವಷ್ಟರಲ್ಲಿ ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಮಾರುವವರಾದರೋ ಉಪ್ಪು, ಬೆಲ್ಲ, ಸೀಮೆಎಣ್ಣೆಯ ವ್ಯಾಪಾರಿಗಳು. ಹೊಳಲ್ಕೆರೆಯಲ್ಲಿ ಒಬ್ಬರು ನನ್ನೆದುರೇ ಗಿರಾಕಿಗೆ, "ಬಿಳೀದು ಎಷ್ಟು ಹಾಕಿದ್ರೂ ಒಳ್ಳೇದೇ, ಹಸ್ರಾಗ್ತೈತೆ" ಎಂದು ಭರವಸೆ ಕೊಟ್ಟರು. ಹಿರಿಯೂರಿನ ಕಾಲುವೆಯ ಕೆಳಗೆ ಕಬ್ಬಿಗೆ ಎಷ್ಟು, ಹೊಸದುರ್ಗದ ಮಳೆ ನಂಬಿದ ರಾಗಿಗೆ ಎಷ್ಟು ಎಂಬ ಭೇದವೇ ಅವರಿಗಿರಲಿಲ್ಲ. ಇದ್ದ ಚೀಲ ಮುಗಿಯಬೇಕು, ಅಷ್ಟೆ.

ಔಷಧಿ ಕೊಡುವವನಿಗೆ ತರಬೇತಿ ಬೇಕೆಂದಾದರೆ ಮಣ್ಣಿಗೆ ಔಷಧಿ ಕೊಡುವವನಿಗೆ ಏಕೆ ಬೇಡ? ಈ ಪ್ರಶ್ನೆಯನ್ನು ತಲೆಬರಹವಾಗಿ ಇಟ್ಟು ಒಂದು ಟಿಪ್ಪಣಿ ಬರೆದೆ. ಗೊಬ್ಬರ ಮಾರುವವರಿಗೆಲ್ಲ ಪಾಠ, ಪಾಠದ ಕೊನೆಗೆ ಪರೀಕ್ಷೆ, ತೇರ್ಗಡೆಯಾದವರಿಗೆ ಒಂದು ಪ್ರಮಾಣಪತ್ರ. ನಮ್ಮ ಮೇಲಧಿಕಾರಿ ಕನ್ನಡಕ ಹಣೆಗೇರಿಸಿಕೊಂಡು ಓದಿದರು.

"ಭಾಷಣ ಚೆನ್ನಾಗೈತೆ ಕಣಪ್ಪ. ಆದ್ರೆ ಅಂಗಡಿಯೋರು ಗಲ್ಲಾಪೆಟ್ಟಿಗೆ ಬಿಟ್ಟು ನಿನ್ನ ಪಾಠ ಕೇಳಾಕೆ ಯಾಕೆ ಬರ್ತಾರೆ?"

"ಪತ್ರ ಇಲ್ಲದವರಿಗೆ ಗೊಬ್ಬರದ ಹಂಚಿಕೆ ಇಲ್ಲ ಎಂದರೆ ಬರುತ್ತಾರೆ, ಸಾರ್."

"ಭಾರಿ ಹುಲಿ ಇದೀಯ" ಎಂದು ಅವರು ನಕ್ಕು ಸಹಿ ಮಾಡಿದರು.

ಹೀಗೆ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಪಾಠ ಮೊದಲಾಯಿತು. ಬಸ್ಸಿನಲ್ಲಿ ಹೋಗುವುದು, ಕಪ್ಪು ಹಲಗೆಯ ಮೇಲೆ ಪಟ್ಟಿ ಬರೆಯುವುದು, ಖಾನಾವಳಿಯಲ್ಲಿ ಉಂಡು ಮತ್ತೊಂದು ಬಸ್ಸು ಹಿಡಿಯುವುದು. ವ್ಯಾಪಾರಿಗಳು ನನ್ನನ್ನು "ಸಾಹೇಬ್ರೆ" ಎನ್ನುತ್ತಿದ್ದರು. ನಾನು ಬಂದೊಡನೆ ಅವರವರ ನಡುವಿನ ಮಾತು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಐಮಂಗಲದ ರಸ್ತೆಬದಿಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಪುಣೆಯತ್ತ ಹೋಗುವ ಲಾರಿಗಳು ಒಂದರ ಹಿಂದೊಂದು ಧೂಳೆಬ್ಬಿಸಿಕೊಂಡು ಹೋದವು. ಆ ದಿನ ಪಾಠವನ್ನು ಬಿಟ್ಟರೆ ಯಾರೊಡನೆಯೂ ಒಂದು ಮಾತನ್ನೂ ಆಡಿಲ್ಲವೆಂಬುದು ಅಲ್ಲಿ ಹೊಳೆಯಿತು. ಹಿಂದಿನ ದಿನವೂ ಆಡಿರಲಿಲ್ಲ. ಪರೀಕ್ಷೆಗೆಂದು ತಂದ ಮಣ್ಣಿನ ಬಟ್ಟೆಚೀಲಗಳನ್ನು ನನ್ನ ಕೋಣೆಯ ಗೂಟಗಳಿಗೆ ತೂಗುಹಾಕಿರುತ್ತಿದ್ದೆ, ಒಂದೊಂದಕ್ಕೂ ಊರಿನ ಹೆಸರಿನ ಚೀಟಿ ಕಟ್ಟಿ. ನಾಲ್ಕು ತಾಲ್ಲೂಕುಗಳ ಮಣ್ಣೂ ಆ ಕೋಣೆಗೆ ಬಂದಿತ್ತು. ಆ ತಾಲ್ಲೂಕುಗಳ ಒಬ್ಬ ಮನುಷ್ಯನೂ ಬಂದಿರಲಿಲ್ಲ.

ಇದಕ್ಕೆ ಹೊರತಾಗಿದ್ದ ಜಾಗ ಒಂದೇ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ರಸ್ತೆಯಲ್ಲಿದ್ದ ಒಂದು ಸಣ್ಣ ಗೊಬ್ಬರದ ಅಂಗಡಿ, ಅದರ ಮುಂದೊಂದು ಬೆಂಚು.

ಅಂಗಡಿಯ ಯಜಮಾನರು ಕುರಿ ಕಾಯುವ ಮನೆತನದವರು. ಮಂಡಿ ಹಿಡಿದು ನಡೆಯಲಾಗದಂತಾದ ಮೇಲೆ ಮಂದೆಯನ್ನು ತಮ್ಮನಿಗೆ ಒಪ್ಪಿಸಿ, ತಮ್ಮ ಪಾಲಿನ ಕುರಿಗಳಲ್ಲಿ ಹೆಚ್ಚಿನವನ್ನು ಮಾರಿ ಈ ಅಂಗಡಿ ಇಟ್ಟಿದ್ದರು. ಹೆಗಲ ಮೇಲಿನ ಕಂಬಳಿ ಮಾತ್ರ ಇಳಿದಿರಲಿಲ್ಲ. ನಾನು ಬಸ್ಸಿನಿಂದ ಇಳಿಯುವುದನ್ನು ಕಂಡರೆ ದೂರದಿಂದಲೇ, "ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಮಜ್ಜಿಗೆ ಐತೆ" ಎನ್ನುತ್ತಿದ್ದರು. ನನ್ನ ಸುಧಾರಣೆಯ ಮಾತುಗಳನ್ನೆಲ್ಲ ತಾಳ್ಮೆಯಿಂದ ಕೇಳಿ ಒಮ್ಮೆ ಹೇಳಿದರು: "ನಿಮ್ಮ ಮಾತು ಕೇಳಿದ್ರೆ ನಮ್ಮ ಕುರಿಗಳೂ ಮುಂಗಾಲೆತ್ತಿ ಓಟು ಹಾಕ್ತವೆ ಬಿಡ್ರಿ." ಇಡೀ ಜಿಲ್ಲೆಯಲ್ಲಿ ನನ್ನನ್ನು ಛೇಡಿಸುವ ಸಲಿಗೆ ಅವರೊಬ್ಬರಿಗೇ ಇತ್ತು. ಆ ಸಲಿಗೆಗಾಗಿ ನಾನು ಕೆಲಸವಿಲ್ಲದಿದ್ದರೂ ಮತ್ತೋಡಿನಲ್ಲಿ ಇಳಿಯುತ್ತಿದ್ದೆ.

ಒಂದು ದಿನ ಆ ಬೆಂಚಿನ ಮೇಲೆ ಕುಳಿತಿದ್ದಾಗ ರೈತನೊಬ್ಬ ಬಂದ.

"ಯಜಮಾನಪ್ಪ, ರಾಗಿಗೆ ಎರಡು ಚೀಲ ಯೂರಿಯಾ ಕೊಡು."

"ಯಾವ ಹೊಲಕ್ಕಲೇ?"

"ಕೆರೆ ಹಿಂದ್ಲ ಹೊಲಕ್ಕೆ."

"ಅಲ್ಲಿ ಬೇಸಿಗೇಲಿ ನಮ್ಮ ತಮ್ಮನ ಮಂದೆ ಕೂತಿತ್ತಲ್ಲೋ. ಎಷ್ಟು ರಾತ್ರಿ?"

"ಎಂಟೋ ಒಂಬತ್ತೋ."

"ಒಂಬತ್ತು. ಒಂಬತ್ತನೇ ದಿನ ನಮ್ಮ ನಾಯಿ ತಪ್ಪಿಸ್ಕಂಡಿತ್ತು, ನಂಗೆ ನೆನಪೈತೆ. ಹೊಟ್ಟೆ ಬಿರಿಯ ಉಂಡೋನಿಗೆ ಇನ್ನೊಂದು ಮುದ್ದೆ ಇಕ್ಕಿದ್ರೆ ಏನ್ ಮಾಡ್ತಾನೆ?"

"ಮಲಗ್ತಾನೆ."

"ರಾಗಿನೂ ಮಲಗ್ತೈತೆ. ಹೋಗು ಮನೆಗೆ."

"ಏ, ಪುಕ್ಕಟೆ ಕೇಳ್ತಿಲ್ಲಪ್ಪ ನಾನು! ನಿಂಗೆ ವ್ಯಾಪಾರನೇ ಬರಲ್ಲ ಬಿಡು."

"ಬರಲ್ಲ ಕಣಲೇ. ಗುಡ್ಡದ ಕಡೆ ಹೊಲದಾಗೆ ಮಂದೆ ಕೂತಿಲ್ಲ. ಬೇಕಾರೆ ಅದಕ್ಕೆ ಅರ್ಧ ಚೀಲ ತಗಂಡೋಗು."

ಆ ಸೀಮೆಯ ಕ್ರಮವನ್ನು ತಿಳಿಯದವರಿಗೆ ಒಂದು ಮಾತು ಹೇಳಬೇಕು. ಬೇಸಿಗೆಯಲ್ಲಿ ಹೊಲ ಖಾಲಿಯಿರುವಾಗ ರೈತರು ಕುರಿಯವರನ್ನು ಕರೆದು ಮಂದೆ ಕೂರಿಸುತ್ತಾರೆ. ತಡಿಕೆಗಳನ್ನು ಕಟ್ಟಿ, ಹೊಲದ ಒಂದು ಚೌಕದೊಳಗೆ ಕುರಿಗಳನ್ನು ಇರುಳೆಲ್ಲ ಕೂಡುತ್ತಾರೆ. ಮರುದಿನ ತಡಿಕೆ ಕಿತ್ತು ಪಕ್ಕದ ಚೌಕಕ್ಕೆ ಸಾಗಿಸುತ್ತಾರೆ. ಹಿಕ್ಕೆಯೂ ಗಂಜಲವೂ ಬಿದ್ದ ಆ ನೆಲ ಮಳೆ ಬಂದೊಡನೆ ಉಕ್ಕಿ ಬೆಳೆಯುತ್ತದೆ. ಸುತ್ತಲಿನ ಊರುಗಳಲ್ಲಿ ಯಾರ ಹೊಲದಲ್ಲಿ ಎಷ್ಟು ಕುರಿ, ಎಷ್ಟು ರಾತ್ರಿ ಕೂತಿದ್ದವೆಂಬುದು ಯಜಮಾನರಿಗೆ ಬಾಯಿಪಾಠ. ಅವರು ಗೊಬ್ಬರ ಮಾರುತ್ತಿದ್ದದ್ದು ಆ ನೆನಪಿನ ಮೇಲೆ.

ಅಂದು ನಾನು ಮೆಚ್ಚಿದೆ. ಮೆಚ್ಚಿಯೂ ಮನಸ್ಸಿನೊಳಗೆ ಒಂದು ಆಕ್ಷೇಪ ಗುರುತು ಹಾಕಿಕೊಂಡೆ: ಇವರು ಸಾರಜನಕದ ಪ್ರಮಾಣವನ್ನು ಕಿಲೋಗಳಲ್ಲಿ ಹೇಳಲಿಲ್ಲ.

ಪರೀಕ್ಷೆ ಮುಂಗಾರಿಗೆ ಮುನ್ನ ಚಿತ್ರದುರ್ಗದ ಒಂದು ಸಭಾಂಗಣದಲ್ಲಿ ಹಗಲು ಹೊತ್ತು ನಡೆಯಿತು. ಅನೇಕರಿಗೆ ಬರವಣಿಗೆ ಒಗ್ಗದ್ದರಿಂದ ಪ್ರಶ್ನೋತ್ತರವೆಲ್ಲ ಬಾಯಿಮಾತಿನಲ್ಲೇ ಇರಲೆಂದು ನಿರ್ಧರಿಸಿದ್ದೆ. ಮುಚ್ಚಿದ ಬಾಗಿಲ ಹಿಂದೆ ಪಕ್ಷಪಾತ ಹುಟ್ಟುತ್ತದೆಂದು ವಾದಿಸಿ, ಎಲ್ಲರೂ ಎಲ್ಲರ ಉತ್ತರವನ್ನೂ ಕೇಳುವಂತೆ ಏರ್ಪಾಡು ಮಾಡಿದ್ದೆ. ಮೇಜಿನ ಹಿಂದೆ ನಾನು, ಮುಂದೆ ಒಬ್ಬೊಬ್ಬರಾಗಿ ವ್ಯಾಪಾರಿಗಳು, ಅವರ ಹಿಂದೆ ಕುರ್ಚಿಗಳಲ್ಲಿ ಉಳಿದವರು. ಈಗ ಯೋಚಿಸಿದರೆ, ನನಗೆ ಗೊತ್ತಿಲ್ಲದೆಯೇ ನಾನು ಕಾಲೇಜಿನ ಚರ್ಚಾವೇದಿಕೆಯನ್ನು ಮತ್ತೆ ಕಟ್ಟಿಕೊಂಡಿದ್ದೆ.

ಹೊಸದುರ್ಗ ಪೇಟೆಯ ವ್ಯಾಪಾರಿಯೊಬ್ಬರು ನಾನು ಕೊಟ್ಟ ಪಟ್ಟಿಯನ್ನು ಮಂತ್ರದಂತೆ ಒಪ್ಪಿಸಿದರು: ರಾಗಿಗೆ ಇಷ್ಟು, ಹೈಬ್ರಿಡ್ ಜೋಳಕ್ಕೆ ಇಷ್ಟು, ಶೇಂಗಾಕ್ಕೆ ಇಷ್ಟು. ಒಂದು ತಪ್ಪಿಲ್ಲ. ನಾನು ಹೆಮ್ಮೆಯಿಂದ ಪೂರ್ಣ ಅಂಕ ಕೊಟ್ಟೆ. ಅವರ ನಂತರ ಮತ್ತೋಡಿನ ಯಜಮಾನರು ಬಂದರು. ಕಂಬಳಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು, ಮಂಡಿಯ ನೋವಿಗೆ ಮೇಜಿನ ಅಂಚು ಹಿಡಿದು ನಿಂತರು. ನನ್ನನ್ನು ನೋಡಿ ಬೆಂಚಿನ ಮೇಲಿನ ನಗೆಯನ್ನೇ ನಕ್ಕರು.

"ಮಳೆ ನಂಬಿದ ಒಂದು ಎಕರೆ ರಾಗಿಗೆ ಎಷ್ಟು ಸಾರಜನಕ ಕೊಡಲು ಹೇಳುತ್ತೀರಿ?"

"ಯಾವ ಹೊಲ ಸಾಹೇಬ್ರೆ?"

"ಯಾವುದಾದರೂ ಒಂದು ಹೊಲ."

"ಯಾವ್ದಾದ್ರೂ ಅಂದ್ರೆ ಯಾರ ಹೊಲನೂ ಅಲ್ಲ. ಮಂದೆ ಎಷ್ಟು ರಾತ್ರಿ ಕೂತಿತ್ತು ಅಲ್ಲಿ?"

ಹಿಂದಿನ ಸಾಲಿನಿಂದ ತುರುವನೂರಿನ ವ್ಯಾಪಾರಿಯೊಬ್ಬರು ಕೂಗಿದರು: "ಏ ಯಜಮಾನ, ಸಾಹೇಬ್ರು ಹಲಗೆ ಮ್ಯಾಲೆ ಬರ್ದ ಹೊಲಕ್ಕೆ ಕುರಿ ಎಲ್ಲಿಂದ ಬರ್ಬೇಕು!" ಸಭೆ ನಕ್ಕಿತು. ಯಜಮಾನರೂ ನಕ್ಕರು. ಆದರೆ ಉತ್ತರ ಹೇಳದೆ, ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತರು.

ಆ ಗಳಿಗೆ ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ಅವರ ಪ್ರಶ್ನೆ ನಿಜವಾದ ಪ್ರಶ್ನೆಯೆಂದು ನನ್ನೊಳಗೆ ಎಲ್ಲೋ ಗೊತ್ತಿತ್ತು. ಆದರೆ ಸಭೆ ನಗುತ್ತಿತ್ತು. ನಗು ನನ್ನ ಹಲಗೆಯ ಮೇಲೂ ಸ್ವಲ್ಪ ಬಿದ್ದಿತ್ತು. ನನಗೆ ಬಿರುಕು ಕಂಡಿತು.

"ಯಜಮಾನರೇ, ಇಲ್ಲಿ ಪ್ರಶ್ನೆ ಕೇಳುವ ಸರದಿ ನನ್ನದು. ಕುರಿಗಳು ಈ ಪರೀಕ್ಷೆಗೆ ಹೆಸರು ಕೊಟ್ಟಿಲ್ಲ."

ಚಪ್ಪಾಳೆ ಬಿತ್ತು. ಕಾಲೇಜು ಬಿಟ್ಟ ಮೇಲೆ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಯಜಮಾನರ ಮುಖದಲ್ಲಿ ನಗೆ ಇನ್ನೂ ಉಳಿದಿತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯದಂತಿತ್ತು. "ಸರಿ ಬಿಡ್ರಿ" ಎಂದರು. ಉಳಿದ ಪ್ರಶ್ನೆಗಳಿಗೂ ಕಿಲೋ ಬರಲಿಲ್ಲ. ಒಂದೆರಡಕ್ಕೆ ಮತ್ತೆ "ಯಾವ ಹೊಲ" ಎಂದು ಬಾಯಿ ತೆರೆದು, ನನ್ನನ್ನು ನೋಡಿ ಮುಚ್ಚಿಕೊಂಡರು.

ಫಲಿತಾಂಶದ ಪಟ್ಟಿ ಬರೆಯುವಾಗ ಅವರ ಹೆಸರಿನ ಮುಂದೆ ಲೇಖನಿ ನಿಂತದ್ದು ನಿಜ. ಅವರು ನನ್ನ ಗೆಳೆಯರು. ಗೆಳೆಯರೆಂದು ಪತ್ರ ಕೊಟ್ಟರೆ ಪತ್ರಕ್ಕೆ ಬೆಲೆಯೇನು? ಕಣ್ಣೆದುರು ಉತ್ತರ ಕೇಳಿದ ಅಷ್ಟು ಜನ ಏನೆಂದಾರು? ಸ್ವಪಕ್ಷವನ್ನು ಕೈಬಿಡುವುದೇ ನಿಷ್ಪಕ್ಷತೆಯ ಪುರಾವೆ ಎಂದು ನನಗೆ ನಾನೇ ವಾದಿಸಿದೆ. ಪ್ರತಿವಾದಿ ಯಾರೂ ಇರಲಿಲ್ಲ, ಆದ್ದರಿಂದ ಗೆದ್ದೆ. ಅವರು ಅನುತ್ತೀರ್ಣರಾದರು. ಆ ಮುಂಗಾರಿಗೆ ಮತ್ತೋಡಿನ ಅಂಗಡಿಗೆ ಒಂದು ಚೀಲವೂ ಹೋಗಲಿಲ್ಲ.

ಅನಂತರ ನಾನು ಮತ್ತೋಡಿನಲ್ಲಿ ಇಳಿಯುವುದನ್ನು ಬಿಟ್ಟೆ. ಬಸ್ಸು ಅಲ್ಲಿ ನಿಂತಾಗ ಇನ್ನೊಂದು ಬದಿಯ ಕಿಟಕಿಯತ್ತ ತಿರುಗಿ ಕೂರುತ್ತಿದ್ದೆ. ಯಾರಾದರೂ ಕೂಗಿ ಕರೆದಾರೆಂಬ ಭಯ ಮೊದಲ ಕೆಲವು ವಾರ. ಯಾರೂ ಕರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಆ ನಿಲುಗಡೆ ಇನ್ನೂ ಉದ್ದವಾಗಿ ತೋರತೊಡಗಿತು. ನನ್ನ ಪತ್ರಗಳು ಮಾತ್ರ ಜಿಲ್ಲೆಯಲ್ಲಿ ಮೆರೆದವು. ಪೂರ್ಣ ಅಂಕ ಪಡೆದ ಹೊಸದುರ್ಗದ ವ್ಯಾಪಾರಿ ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿ, ಪ್ರತಿದಿನ ಕುಂಕುಮವಿಟ್ಟು ಊದುಬತ್ತಿ ಹಚ್ಚುತ್ತಿದ್ದರು. ಮತ್ತೋಡಿನ ರೈತರೂ ಈಗ ಗಾಡಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು. ಒಂದು ದಿನ ಅದನ್ನು ಕಣ್ಣಾರೆ ಕಂಡಾಗ ನನಗೆ ಕೃತಾರ್ಥಭಾವ ಮೂಡಬೇಕಿತ್ತು. ಆ ದಿನ ನಾನು ಆ ವ್ಯಾಪಾರಿಯ ಅಂಗಡಿಯಲ್ಲಿ ಕೂರಲಿಲ್ಲ. ಕೂರಿರೆಂದು ಅವರೂ ಹೇಳಲಿಲ್ಲ, ಗಿರಾಕಿಗಳು ಬಹಳವಿದ್ದರು.

ಕಾರ್ತಿಕದಲ್ಲಿ ಕಚೇರಿಗೆ ದೂರು ಬಂತು. ಮತ್ತೋಡಿನ ಕಡೆ ರಾಗಿಗೆ ಏನೋ ರೋಗ ಬಿದ್ದಿದೆ, ಬಂದು ನೋಡಬೇಕು. ಹೋಗಲೇಬೇಕಾಯಿತು.

ಕೆರೆಯ ಹಿಂದಿನ ಹೊಲ ಅದು. ಅಂದು ಬೆಂಚಿನ ಬಳಿ ಎರಡು ಚೀಲ ಕೇಳಲು ಬಂದಿದ್ದ ರೈತನೇ ಬದುವಿನ ಮೇಲೆ ನಿಂತಿದ್ದ. ರಾಗಿ ಮಲಗಿತ್ತು. ಕಡುಹಸಿರಾಗಿ, ಸೊಕ್ಕಿ ಬೆಳೆದು, ತೆನೆ ಹಾಲುಗಟ್ಟುವ ಮೊದಲೇ ಒಂದರ ಮೇಲೊಂದು ಬಿದ್ದಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಕೊಳೆತ ವಾಸನೆ. ರೋಗದ ಚುಕ್ಕೆಗಾಗಿ ಎಲೆ ಎಲೆಯನ್ನೂ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಕೆರೆಯ ಏರಿ ಹತ್ತಿ ನಿಂತು ಇಡೀ ಹೊಲವನ್ನು ನೋಡಿದೆ.

ರೋಗಕ್ಕೆ ನೇರವಾದ ಅಂಚು ಇರುವುದಿಲ್ಲ. ಈ ಹೊಲದಲ್ಲಿ ಮಲಗಿದ ರಾಗಿಗೆ ಅಂಚುಗಳಿದ್ದವು, ಮೂಲೆಗಳಿದ್ದವು. ಒಂದರ ಪಕ್ಕ ಒಂದರಂತೆ ಚೌಕಗಳು. ಎಣಿಸಿದೆ. ಒಂಬತ್ತು. ಹಿಂದಿನ ವರ್ಷದಂತೆಯೇ ಈ ಬೇಸಿಗೆಯೂ ತಡಿಕೆಗಳು ನಿಂತಿದ್ದ ಜಾಗಗಳು ಅವು. ಕುರಿ ಕೂರದೆ ಉಳಿದ ಒಂದು ಮೂಲೆಯಲ್ಲಿ, ಅದೇ ಬೀಜ, ಅದೇ ಯೂರಿಯಾ ಉಂಡ ರಾಗಿ ನೆಟ್ಟಗೆ ನಿಂತು ತೆನೆ ತೂಗುತ್ತಿತ್ತು. ನನ್ನ ಪಟ್ಟಿ ಆ ಮೂಲೆಗೆ ಮಾತ್ರ ಸರಿಯಾಗಿತ್ತು.

"ಎಷ್ಟು ಹಾಕಿದಿರಿ?" ಎಂದು ಕೇಳಿದೆ.

"ಹೊಸದುರ್ಗದಾಗೆ ಹೇಳಿದಷ್ಟೇ ಸ್ವಾಮಿ. ಪಟ್ಟಿ ನೋಡೇ ಕೊಟ್ರು. ಪಟದಾಗೆ ನಿಮ್ಮ ರುಜುನೂ ಐತಲ್ಲ."

"ಮಂದೆ ಕೂರಿಸಿದ್ದೆ ಎಂದು ಹೇಳಲಿಲ್ಲವೇ?"

"ಅವರು ಕೇಳಲಿಲ್ಲ, ನಾವು ಹೇಳಲಿಲ್ಲ." ಬಿದ್ದ ರಾಗಿಯನ್ನು ಕಾಲಬೆರಳಿನಿಂದ ಎತ್ತಲು ನೋಡಿ ಬಿಟ್ಟ. "ನಮ್ಮ ಯಜಮಾನಪ್ಪ ಇದ್ದಿದ್ರೆ ಬೈದು ಮನೆಗೆ ಕಳಿಸ್ತಿದ್ದ."

ಅಲ್ಲಿಂದ ಅಂಗಡಿಯತ್ತ ನಡೆದೆ. ಬಾಗಿಲು ಹಾಕಿತ್ತು. ಬೆಂಚು ಇರಲಿಲ್ಲ, ಅದರ ಕಾಲುಗಳು ಊರಿದ್ದ ನಾಲ್ಕು ಕುಳಿಗಳು ಮಾತ್ರ ನೆಲದಲ್ಲಿದ್ದವು. ಯಜಮಾನರು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಹೋಗಿ ನೋಡಿದರೆ ಇಳಿಜಾರಿನಲ್ಲಿ ಒಂದು ಸಣ್ಣ ಹಿಂಡು. ಹಿಂದೆ ಕೋಲೂರಿ, ಒಂದು ಕಾಲನ್ನು ಎಳೆಯುತ್ತ ಅವರು. ಅಂಗಡಿ ಹೋದ ಮೇಲೆ ಆ ಮಂಡಿಗಳಿಗೆ ಮತ್ತೆ ಗುಡ್ಡವೇ ಗತಿಯಾಗಿತ್ತು.

ನಾನು ಕಂಡದ್ದನ್ನೆಲ್ಲ ಹೇಳಿದೆ. ಒಂಬತ್ತು ಚೌಕಗಳ ವಿಷಯವನ್ನೂ ಹೇಳಿದೆ. ಅವರು ಕುರಿಗಳ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದರು.

"ಪಾಪ, ಆ ರಾಗಿ" ಎಂದರು. ಅಷ್ಟೆ.

"ತಪ್ಪು ನನ್ನದು ಯಜಮಾನರೇ. ಮುಂದಿನ ಪರೀಕ್ಷೆಯಲ್ಲಿ ನಿಮ್ಮ ಪ್ರಶ್ನೆಯನ್ನೇ ಮೊದಲ ಪ್ರಶ್ನೆಯಾಗಿ ಇಡುತ್ತೇನೆ. ನೀವು ಬನ್ನಿ. ಪತ್ರ ನಿಮ್ಮ ಮನೆಗೆ ತಲುಪುತ್ತದೆ."

"ನನ್ನ ಪ್ರಶ್ನೆಗೆ ನಾನೇ ಬಂದು ಉತ್ತರ ಹೇಳ್ಬೇಕಾ?" ನಕ್ಕರು, ಹಳೆಯ ನಗೆಯಲ್ಲ. "ಬ್ಯಾಡ ಬಿಡ್ರಿ. ಪ್ರಶ್ನೆ ತಗಂಡ್ರಲ್ಲ, ಸಾಕು. ಕೇಳೋವಾಗ ಮಾತ್ರ ಉತ್ತರ ಬರೋಗಂಟ ನಿಂತ್ಕಳ್ರಿ. ನೀವು ನಿಂತ್ಕಳ್ಳಲ್ಲ."

ಹಿಂಡು ಮುಂದೆ ಸರಿದಿತ್ತು. "ಹೊತ್ತಾತು, ಬರ್ತೀನಿ ಸಾಹೇಬ್ರೆ" ಎಂದು ಕೋಲೂರಿಕೊಂಡು ಹೊರಟರು. ಕುಂತ್ಕಳ್ರಿ ಎನ್ನುವುದಕ್ಕೆ ಅಲ್ಲಿ ಬೆಂಚೂ ಇರಲಿಲ್ಲ.

ಪಾಠವನ್ನು ಬದಲಿಸಿದೆ. ಪಟ್ಟಿಯ ಮೇಲ್ಗಡೆ ಒಂದು ಸಾಲು ಸೇರಿತು: ಹೊಲದಲ್ಲಿ ಈ ವರ್ಷ ಮಂದೆ ಕೂತಿದೆಯೇ, ಕೊಟ್ಟಿಗೆ ಗೊಬ್ಬರ ಬಿದ್ದಿದೆಯೇ, ಹಿಂದಿನ ಬೆಳೆ ಯಾವುದು? ವ್ಯಾಪಾರಿಗಳು ಅದನ್ನೂ ಚೆನ್ನಾಗಿ ಬಾಯಿಪಾಠ ಮಾಡಿದರು. ಒಂದು ದಿನ ಹಿರಿಯೂರಿನ ಒಂದು ಅಂಗಡಿಯಲ್ಲಿ ಗಮನಿಸಿದೆ. ವ್ಯಾಪಾರಿ ಆ ಸಾಲನ್ನು ಗಟ್ಟಿಯಾಗಿ ಓದಿದರು, ಗಿರಾಕಿ ಬಾಯಿ ತೆರೆಯುವ ಮೊದಲೇ ಗುರುತು ಹಾಕಿ ಚೀಲ ಎತ್ತಿಸಿದರು. ಅವರನ್ನು ಬೈಯುವ ಅಧಿಕಾರ ನನಗಿತ್ತು; ಬೈಯಲಾಗಲಿಲ್ಲ. ಅವರು ನನ್ನ ವಿದ್ಯಾರ್ಥಿಗಳು.

ಕೆಲವು ವರ್ಷಗಳ ಮೇಲೆ ನನಗೆ ವರ್ಗವಾಯಿತು. ಕೋಣೆ ಖಾಲಿ ಮಾಡುವಾಗ ಗೂಟಗಳಿಂದ ಮಣ್ಣಿನ ಚೀಲಗಳನ್ನು ಇಳಿಸಿ ಹಿತ್ತಲಲ್ಲಿ ಸುರಿದೆ. ಮತ್ತೋಡಿನ ಚೀಟಿಯಿದ್ದ ಚೀಲದಲ್ಲಿ ಒಣಗಿದ ಎರಡು ಹಿಕ್ಕೆಗಳಿದ್ದವು. ಮಾದರಿ ತೆಗೆಯುವಾಗ ಕಸವೆಂದು ಆರಿಸಿ ಎಸೆಯಬೇಕೆಂಬುದು ನಾನೇ ಕಲಿಸುತ್ತಿದ್ದ ನಿಯಮ. ಅವು ಹೇಗೋ ಉಳಿದುಕೊಂಡಿದ್ದವು. ಯಜಮಾನರನ್ನು ಮತ್ತೆ ಕಾಣಲಿಲ್ಲ. ಹೋಗಬಹುದಿತ್ತು. ಪ್ರತಿ ಸಲವೂ ಏನು ಹೇಳಬೇಕೆಂದು ಮೊದಲು ಸಿದ್ಧಪಡಿಸಿಕೊಳ್ಳೋಣವೆಂದು ಮುಂದಕ್ಕೆ ಹಾಕಿದೆ.

ಪ್ರಮಾಣಪತ್ರ ಬೇಡವೆಂದು ನಾನು ಇಂದಿಗೂ ಹೇಳಲಾರೆ. ತಿಳಿಯದೆ ಮಾರುವುದಕ್ಕಿಂತ ತಿಳಿದು ಮಾರುವುದು ಮೇಲು. ಆದರೆ ಹೊಲದ ಸುದ್ದಿ ಯಾವ ಪತ್ರದಲ್ಲಿಯೂ ಇರುವುದಿಲ್ಲ. ಅದು ಹೊಲದವರ ಬಾಯಲ್ಲಿ ಇರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದೇ ಕೋರಿಕೆ. ನೀವು ಗೊಬ್ಬರ ಮಾರುವವರಾದರೆ, ಚೀಲಕ್ಕೆ ಕೈ ಹಾಕುವ ಮೊದಲು ಆ ಹೊಲಕ್ಕೆ ಈ ವರ್ಷ ಏನೇನು ಬಿದ್ದಿದೆಯೆಂದು ಕೇಳಿ, ಉತ್ತರ ಬರುವವರೆಗೆ ನಿಂತುಕೊಳ್ಳಿ. ಕೊಳ್ಳುವವರಾದರೆ, ಅಂಗಡಿಯವರು ಕೇಳದಿದ್ದರೂ ನೀವಾಗಿಯೇ ಹೇಳಿ.